ನೊಣಕ್ಕೆ ಬೇಲಿ ಇಲ್ಲ: ಕೊಟ್ಟಿಗೆ, ಹುಳುಮನೆ, ತೋಟ ಕಾಯುವ ಬಗೆ

(ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿಯಲ್ಲಿ ನೀಡಿದ ಮಾತಿನ ಬರಹ ರೂಪ)



ನಮ್ಮ ಸಂಘಗಳ ಸಾಲದ ಪುಸ್ತಕ ತೆಗೆದು ನೋಡಿದರೆ ಸಾಲ ಯಾವುದಕ್ಕೆ ಹೋಗಿದೆ ಅನ್ನೋದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಒಬ್ಬರು ಹಸು ತಗೊಂಡಿದ್ದಾರೆ, ಇನ್ನೊಬ್ಬರು ಕುರಿ ಕಟ್ಟಿದ್ದಾರೆ. ಮತ್ತೊಬ್ಬರು ರೇಷ್ಮೆ ಹುಳು ಮೇಯಿಸ್ತಾರೆ, ಇನ್ನು ಕೆಲವರು ಹಾಗಲ, ಹೀರೆ, ಮಾವು ಅಂತ ಬೆಳೀತಾರೆ. ಇವರೆಲ್ಲರ ಸಾಲಕ್ಕೂ ಒಂದೇ ಒಂದು ಸಣ್ಣ ಜೀವಿ ಬಾಯಿ ಹಾಕಬಹುದು. ಅದೇ ನೊಣ. ಈ ದಿನ ನಾವು ಮಾತಾಡೋದು ಇದರ ಬಗ್ಗೆ.

"ನೊಣ ತಾನೇ, ಬಾಲದಲ್ಲಿ ಹೊಡ್ಕೊಳ್ಳುತ್ತೆ ಬಿಡಿ" ಅಂತ ನಮ್ಮಲ್ಲಿ ಬಹಳ ಜನ ಹೇಳ್ತಾರೆ. ಹಾಗಾದರೆ ಒಂದು ಲೆಕ್ಕ ಮಾಡೋಣ. ಹಸು ದಿನವಿಡೀ ಕಾಲು ಒದರಿಕೊಂಡು, ಬಾಲ ಬೀಸಿಕೊಂಡು, ತಲೆ ಕೊಡವಿಕೊಂಡು ನಿಂತರೆ ಅದು ನೆಮ್ಮದಿಯಾಗಿ ಮೇಯೋದಿಲ್ಲ, ಮಲಗಿ ಮೆಲುಕು ಹಾಕೋದಿಲ್ಲ. ಮೇವು ಕಡಿಮೆ ಆದರೆ ಹಾಲೂ ಕಡಿಮೆ. ದಿನಕ್ಕೆ ಅರ್ಧ ಲೀಟರ್ ಹಾಲು ಇಳಿಯಿತು ಅಂತ ಇಟ್ಟುಕೊಳ್ಳಿ. ತಿಂಗಳಿಗೆ 15 ಲೀಟರ್ ಆಯಿತು. ಡೇರಿಯಲ್ಲಿ ನಿಮಗೆ ಸಿಗುವ ದರದಿಂದ ಅದನ್ನು ನೀವೇ ಗುಣಿಸಿ ನೋಡಿ. ಸಾಲದ ಬಡ್ಡಿಗೆ ಆಗುವಷ್ಟು ದುಡ್ಡು ನೊಣದ ಪಾಲಾಗಿರುತ್ತದೆ.

ಎಲ್ಲ ನೊಣ ಒಂದೇ ಅಲ್ಲ

ಕೊಟ್ಟಿಗೆಯಲ್ಲಿ ನಾವು ನೋಡುವ ನೊಣಗಳಲ್ಲಿ ನಾಲ್ಕೈದು ಜಾತಿ ಇವೆ. ಯಾವುದು ಎಲ್ಲಿ ಹುಟ್ಟುತ್ತದೆ ಅಂತ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮನೆ ನೊಣ: ಇದು ಕಚ್ಚೋದಿಲ್ಲ, ನೆಕ್ಕುತ್ತದೆ ಅಷ್ಟೆ. ಹಸುವಿನ ಕಣ್ಣು, ಮೂಗು, ಗಾಯದ ಮೇಲೆ ಕೂರುತ್ತದೆ. ಅಲ್ಲಿಂದ ಎದ್ದು ಹಾಲಿನ ಕ್ಯಾನಿನ ಮೇಲೂ, ನಮ್ಮ ಮಕ್ಕಳ ತಟ್ಟೆ ಮೇಲೂ ಕೂರುತ್ತದೆ. ಕಣ್ಣು ಬೇನೆ, ವಾಂತಿ ಭೇದಿ ಹರಡೋದು ಹೀಗೆ. ಒಂದು ಹೆಣ್ಣು ನೊಣ ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಸೆಕೆಗಾಲದಲ್ಲಿ ಮೊಟ್ಟೆ ಹುಳುವಾಗಿ, ಹುಳು ಕೋಶವಾಗಿ, ನೊಣವಾಗಿ ಹಾರೋದಕ್ಕೆ ಒಂದು ವಾರ ಹತ್ತು ದಿನ ಸಾಕು.

ಕಚ್ಚುವ ಕೊಟ್ಟಿಗೆ ನೊಣ: ನೋಡೋದಕ್ಕೆ ಮನೆ ನೊಣದ ಹಾಗೇ ಇರುತ್ತದೆ. ಆದರೆ ಬಾಯಿ ಸೂಜಿಯ ಹಾಗೆ ಮುಂದಕ್ಕೆ ಚಾಚಿರುತ್ತದೆ. ಹೆಚ್ಚಾಗಿ ಹಸುವಿನ ಕಾಲಿಗೆ ಕಚ್ಚುತ್ತದೆ. ಹಸು ಸುಮ್ಮಸುಮ್ಮನೆ ಕಾಲು ಬಡಿಯುತ್ತಿದ್ದರೆ, ಹಾಲು ಕರೆಯುವಾಗ ಒದೆಯುತ್ತಿದ್ದರೆ ಹಸುವನ್ನು ಬೈಯುವ ಮೊದಲು ಕಾಲಿನ ಕಡೆ ನೋಡಿ. ಗಂಡು, ಹೆಣ್ಣು ಎರಡೂ ರಕ್ತ ಕುಡಿಯುತ್ತವೆ. ಗಂಜಲದಲ್ಲಿ ನೆಂದ ಹುಲ್ಲು, ಗೋದಲಿ ಕೆಳಗೆ ಬಿದ್ದು ಕೊಳೆತ ಮೇವು, ಇದೇ ಇದರ ತೊಟ್ಟಿಲು.

ದನದ ಮೈ ಬಿಡದ ಸಣ್ಣ ನೊಣ: ಇದು ಹಗಲು ರಾತ್ರಿ ದನ, ಎಮ್ಮೆಗಳ ಬೆನ್ನು, ಹೊಟ್ಟೆ ಮೇಲೇ ಇರುತ್ತದೆ. ಸಗಣಿ ಹಾಕಿದ ಕೂಡಲೇ ಇಳಿದು ಬಂದು ಹಸಿ ಸಗಣಿಯಲ್ಲಿ ಮೊಟ್ಟೆ ಇಟ್ಟು ಮತ್ತೆ ಮೈ ಮೇಲೆ ಹೋಗಿ ಕೂರುತ್ತದೆ.

ದೊಡ್ಡ ಕುದುರೆ ನೊಣ: ಮಳೆಗಾಲದಲ್ಲಿ ಹೆಚ್ಚು. ಕೆರೆ ಅಂಚು, ಜೌಗು ಜಾಗ, ಕಾಡಂಚಿನಲ್ಲಿ ಹುಟ್ಟುತ್ತದೆ. ಹೆಣ್ಣು ನೊಣ ಮಾತ್ರ ರಕ್ತ ಕುಡಿಯೋದು. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಚರ್ಮ ಕೊಯ್ದು, ಒಸರುವ ರಕ್ತವನ್ನು ನೆಕ್ಕುತ್ತದೆ. ನೋವಿಗೆ ದನ ಮೈ ಕೊಡವಿದರೆ ಇದು ಹಾರಿ ಪಕ್ಕದ ದನಕ್ಕೆ ಹೋಗುತ್ತದೆ. ಬಾಯಿಗೆ ಅಂಟಿದ ರಕ್ತವೂ ಜೊತೆಗೇ ಹೋಗುತ್ತದೆ. ರೋಗ ಹರಡೋದು ಇಲ್ಲಿಯೇ.

ಗಾಯದ ನೊಣ: ಜೀವಂತ ದನದ ಗಾಯದಲ್ಲೇ ಮೊಟ್ಟೆ ಇಡುವ ನೊಣ ಇದು. "ಗಾಯಕ್ಕೆ ಹುಳ ಬಿದ್ದಿದೆ" ಅಂತ ನಾವು ಹೇಳೋದು ಇದರ ಮರಿಗಳನ್ನು. ಕರು ಹಾಕಿದ ಮೇಲೆ ಕರುವಿನ ಹೊಕ್ಕುಳು, ಕೊಂಬು ಮುರಿದ ಜಾಗ, ಗೊರಸಿನ ಸಂದು, ಇವೆಲ್ಲ ಅದಕ್ಕೆ ಬೇಕಾದ ಜಾಗ. ಕರು ಹುಟ್ಟಿದ ತಕ್ಷಣ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಹುಳ ಬಿದ್ದಿದ್ದರೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಬಿಡೋದು, ಸೀತಾಫಲದ ಎಲೆ ಅರೆದು ಹಚ್ಚೋದು ನಮ್ಮ ಹಿರಿಯರಿಗೂ ಗೊತ್ತಿತ್ತು, ಈಗ ಪಶುವೈದ್ಯರೂ ಒಪ್ಪುತ್ತಾರೆ. ಹುಳ ಉದುರಿದ ಮೇಲೆ ಬೇವು, ಅರಿಸಿನ ಹಾಕಿ ಕಾಯಿಸಿದ ಎಣ್ಣೆ ಹಚ್ಚಿ. ಗಾಯ ಆಳವಾಗಿದ್ದರೆ ಮಾತ್ರ ಮನೆಮದ್ದು ನೆಚ್ಚಿಕೊಂಡು ಕೂರಬೇಡಿ, ಡಾಕ್ಟರನ್ನು ಕರೆಸಿ.

ನೊಣ ತರುವ ರೋಗ

2022ರ ಮಳೆಗಾಲ ನಿಮಗೆ ಮರೆತಿರಲಾರದು. ಹಸುವಿನ ಮೈ ತುಂಬ ಗಂಟು, ಜ್ವರ, ಕಾಲು ಬಾವು. ಅದೇ ಚರ್ಮಗಂಟು ರೋಗ. ಈ ರೋಗವನ್ನು ಮೊದಲು ಗುರುತಿಸಿದ್ದು 1929ರಲ್ಲಿ, ಆಫ್ರಿಕಾದ ಜಾಂಬಿಯಾದಲ್ಲಿ. ನಮ್ಮ ದೇಶಕ್ಕೆ 2019ರಲ್ಲಿ ಒಡಿಶಾ ಕಡೆಯಿಂದ ಬಂತು. 2022ರಲ್ಲಿ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ದನಗಳು ಇದರಿಂದ ಸತ್ತವು. ಕರ್ನಾಟಕದಲ್ಲೂ ಎಷ್ಟೋ ಮನೆಗಳ ಕೊಟ್ಟಿಗೆ ಖಾಲಿಯಾಯಿತು. ಹಸು ಹೋಯಿತು, ಆದರೆ ಅದರ ಮೇಲಿನ ಸಾಲ ಹೋಗಲಿಲ್ಲ.

ಈ ರೋಗವನ್ನು ದನದಿಂದ ದನಕ್ಕೆ ಹೊತ್ತು ತರುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು. ಆದ್ದರಿಂದ ಮೂರು ಮಾತು ನೆನಪಿಡಿ. ಒಂದು, ರೋಗ ಬರುವ ಮೊದಲೇ ಲಸಿಕೆ ಹಾಕಿಸಬೇಕು. ಬಂದ ಮೇಲೆ ಓಡಾಡಿ ಪ್ರಯೋಜನ ಕಡಿಮೆ. ಎರಡು, ಗಂಟು ಕಂಡ ದನವನ್ನು ಬೇರೆ ಕಟ್ಟಬೇಕು, ಸಾಧ್ಯವಾದರೆ ಸೊಳ್ಳೆ ಪರದೆ ಕಟ್ಟಬೇಕು. ಮೂರು, ಇದು ಮನುಷ್ಯರಿಗೆ ಅಂಟುವ ರೋಗ ಅಲ್ಲ. ಹಾಲನ್ನು ಚೆನ್ನಾಗಿ ಕಾಯಿಸಿ ಕುಡಿಯಿರಿ, ಹೆದರಬೇಡಿ.

ಕುರಿ ಸಾಕುವವರಿಗೆ ಒಂದು ಮಾತು. ಮಳೆ ಬಿದ್ದ ಮೇಲೆ ಕುರಿಗಳಿಗೆ ಜ್ವರ, ಮೂತಿ ಬಾವು, ಬಾಯಲ್ಲಿ ಹುಣ್ಣು, ಕುಂಟು ಕಂಡರೆ ಅದು ನೀಲಿ ನಾಲಿಗೆ ರೋಗ ಇರಬಹುದು. ಇದನ್ನು ತರುವುದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಕಚ್ಚುವ ನುಸಿ. ಅದು ಕೆಸರು, ಒದ್ದೆ ಗೊಬ್ಬರದಲ್ಲಿ ಹುಟ್ಟಿ ಮುಸ್ಸಂಜೆ ಹೊತ್ತಿಗೆ ಹೊರಡುತ್ತದೆ. ಕುರಿ ಹಟ್ಟಿ ಎತ್ತರದ ಒಣ ಜಾಗದಲ್ಲಿರಬೇಕು ಅಂತ ಹೇಳೋದು ಅದಕ್ಕೇ. ಇದಕ್ಕೂ ಲಸಿಕೆ ಇದೆ, ಪಶು ಆಸ್ಪತ್ರೆಯಲ್ಲಿ ಕೇಳಿ.

ಕಾಡಿನ ಪ್ರಾಣಿಗೂ ತಪ್ಪಿದ್ದಲ್ಲ

ನಮ್ಮಲ್ಲಿ ಕಾಡಂಚಿನ ಊರಿನವರು ಇದ್ದೀರಿ. ನಿಮ್ಮ ದನಕ್ಕೂ ಕಾಡಿನ ಜಿಂಕೆ, ಆನೆ, ಹುಲಿಗಳಿಗೂ ಒಂದು ನಂಟು ಇದೆ. ಅದರ ಹೆಸರು ಸುರ್ರಾ ರೋಗ. ರಕ್ತದಲ್ಲಿ ಸೇರಿಕೊಳ್ಳುವ ಒಂದು ಸೂಕ್ಷ್ಮಜೀವಿ ಇದಕ್ಕೆ ಕಾರಣ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಆಗಿನ ಪಂಜಾಬಿನ ಕುದುರೆ, ಒಂಟೆಗಳ ರಕ್ತದಲ್ಲಿ ಇದನ್ನು ಕಂಡುಹಿಡಿದರು. ಇದನ್ನು ಹರಡುವುದು ಮುಖ್ಯವಾಗಿ ಕುದುರೆ ನೊಣ. ದನ, ಎಮ್ಮೆಗಳಲ್ಲಿ ಎಷ್ಟೋ ಸಲ ರೋಗ ಹೊರಗೆ ಕಾಣದೆ ಒಳಗೇ ಇರುತ್ತದೆ. ದುಡಿತ, ಮೇವಿನ ಕೊರತೆ, ಕರು ಹಾಕಿದ ನಿತ್ರಾಣ ಬಂದಾಗ ಎದ್ದು ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ಸೊರಗೋದು, ಕೆಲವು ಸಲ ತಲೆ ಗೋಡೆಗೆ ಒತ್ತೋದು, ಸುತ್ತು ತಿರುಗೋದು ಇದರ ಲಕ್ಷಣ. ನಾಯಿಗಳಿಗೆ ಬಂದರೆ ಕಣ್ಣು ಬೆಳ್ಳಗಾಗಬಹುದು.

2000ನೇ ಇಸವಿ ಜುಲೈನಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳು ಸತ್ತವು. ಅವುಗಳಲ್ಲಿ ಕಂಡುಬಂದದ್ದು ಇದೇ ರೋಗದ ಜೀವಿ. ಅದಕ್ಕೂ ಮೊದಲು, 1962ರಲ್ಲಿ ಆಫ್ರಿಕಾದ ತಾಂಜಾನಿಯಾದ ಗೊರೊಂಗೊರೊ ಎಂಬ ಕಣಿವೆಯಲ್ಲಿ ಮಳೆ ವಿಪರೀತವಾಗಿ, ನಾವು ಆಗಲೇ ಹೇಳಿದ ಕಚ್ಚುವ ಕೊಟ್ಟಿಗೆ ನೊಣ ಹೇರಳವಾಗಿ ಹುಟ್ಟಿತು. ಅಲ್ಲಿದ್ದ ಅರವತ್ತಕ್ಕೂ ಹೆಚ್ಚು ಸಿಂಹಗಳಲ್ಲಿ ಕೊನೆಗೆ ಉಳಿದದ್ದು ಹತ್ತರಷ್ಟು ಮಾತ್ರ. ಮೈಯೆಲ್ಲ ಹುಣ್ಣಾಗಿ, ಬೇಟೆ ಆಡಲಾಗದೆ ಅವು ಸೊರಗಿದವು. ಸಿಂಹವನ್ನೇ ಮಲಗಿಸಿದ ನೊಣ ನಮ್ಮ ಹಸುವನ್ನು ಬಿಟ್ಟೀತೇ?

ಇಲ್ಲಿಂದ ನಾವು ಕಲಿಯಬೇಕಾದದ್ದು ಇಷ್ಟು. ಕಾಡಂಚಿನಲ್ಲಿ ಮೇಯುವ ದನಕ್ಕೆ ಬಿಟ್ಟು ಬಿಟ್ಟು ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ. ಸತ್ತ ದನವನ್ನು ಕಾಡಂಚಿಗೆ ಎಳೆದು ಬಿಸಾಡಬೇಡಿ, ಆಳವಾಗಿ ಹೂಳಿಸಿ. ಅದು ನೊಣಕ್ಕೂ ಊಟ, ಕಾಡುಪ್ರಾಣಿಗೂ ರೋಗ.

ರೇಷ್ಮೆ ಮನೆಯ ಊಜಿ

ರೇಷ್ಮೆ ಬೆಳೆಯುವ ಅಕ್ಕಂದಿರಿಗೆ ಊಜಿ ನೊಣದ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಇದು ನಮ್ಮ ನಾಡಿನದಲ್ಲ ಅನ್ನೋದು ಎಷ್ಟು ಜನಕ್ಕೆ ಗೊತ್ತು? 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜೊತೆ ಇದು ಕರ್ನಾಟಕಕ್ಕೆ ಬಂತು. ಒಂದು ಸಲ ಬಂದದ್ದು ಮತ್ತೆ ಹೋಗಲಿಲ್ಲ.

ಇದು ಹುಳುವಿನ ಮೈ ಮೇಲೆ ಒಂದೊಂದೇ ಬಿಳಿ ಮೊಟ್ಟೆ ಅಂಟಿಸುತ್ತದೆ. ಒಂದು ಹೆಣ್ಣು ಇಂಥ ಮುನ್ನೂರರಷ್ಟು ಮೊಟ್ಟೆ ಇಡಬಲ್ಲದು. ಎರಡು ಮೂರು ದಿನಕ್ಕೆ ಮೊಟ್ಟೆ ಒಡೆದು ಮರಿ ಹುಳುವಿನ ಒಳಗೆ ಕೊರೆದು ಹೋಗುತ್ತದೆ. ಹೋದ ಜಾಗದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಚಿಕ್ಕ ಹುಳುವಾದರೆ ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಕೊನೆಯ ಹಂತದಲ್ಲಿ ಸಿಕ್ಕಿದರೆ ಗೂಡು ಕಟ್ಟುತ್ತದೆ, ಆದರೆ ಊಜಿ ಮರಿ ಗೂಡು ತೂತು ಮಾಡಿ ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ತೆಗೆಯಲಾಗದು. ಇಪ್ಪತ್ತೈದು ದಿನದ ದುಡಿಮೆ ಮಾರುಕಟ್ಟೆಯಲ್ಲಿ ಮಣ್ಣುಪಾಲು.

ಮಾಡಬೇಕಾದದ್ದು ಹೀಗೆ:

1. ಹುಳುಮನೆಯ ಕಿಟಕಿ, ಬಾಗಿಲು, ಗಾಳಿಗಂಡಿಗೆ ನೈಲಾನ್ ಬಲೆ ಹಾಕಿ. ಬಾಗಿಲಿಗೆ ಎರಡು ಪದರ ಇದ್ದರೆ ಒಳ್ಳೆಯದು. ಹರಿದ ಒಂದು ಮೂಲೆ ಸಾಕು ಊಜಿಗೆ.

2. ಸೊಪ್ಪು ತರುವಾಗ ಸೊಪ್ಪಿನ ಜೊತೆ ನೊಣ ಒಳಗೆ ಬಾರದ ಹಾಗೆ ಕೊಡವಿ ತನ್ನಿ.

3. ಊಜಿ ಮರಿಗಳು ಬಿರುಕು, ಮೂಲೆ, ಚಂದ್ರಿಕೆ ಕೆಳಗಿನ ಮಣ್ಣಿನಲ್ಲಿ ಅಡಗುತ್ತವೆ. ಅವನ್ನು ಆರಿಸಿ ಸೋಪು ನೀರಿಗೆ ಹಾಕಿ ಸಾಯಿಸಿ. ಬಿರುಕು ಮುಚ್ಚಿಸಿ.

4. ಹುಳುವಿನ ಹಿಕ್ಕೆ, ಉಳಿದ ಕಡ್ಡಿಯನ್ನು ಬಯಲಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ಮೂರು ವಾರ ಇಡಿ, ಇಲ್ಲವೇ ಗುಂಡಿಗೆ ಹಾಕಿ ಮಣ್ಣು ಮುಚ್ಚಿ.

5. ಊಜಿಯ ಕೋಶದೊಳಗೇ ಮೊಟ್ಟೆ ಇಟ್ಟು ಅದನ್ನು ಸಾಯಿಸುವ ಒಂದು ಪುಟ್ಟ ಕಣಜ ಇದೆ. ಅದರ ಹೆಸರು ನೆಸೊಲಿಂಕ್ಸ್ ಥೈಮಸ್. ಹುಳುವಿಗೆ ಅದು ಏನೂ ಮಾಡೋದಿಲ್ಲ. ರೇಷ್ಮೆ ಇಲಾಖೆಯವರನ್ನೋ, ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯವರನ್ನೋ ಕೇಳಿದರೆ ಮಾಹಿತಿ ಸಿಗುತ್ತದೆ.

ಹಣ್ಣು ನೊಣ, ತರಕಾರಿ ನೊಣ

ಮಾವಿನ ಹಣ್ಣು ಹೊರಗೆ ಚೆನ್ನಾಗಿದ್ದು, ಕೊಯ್ದರೆ ಒಳಗೆ ಬಿಳಿ ಹುಳ ಲಿಬಿಲಿಬಿ ಅನ್ನೋದನ್ನು ಎಲ್ಲರೂ ನೋಡಿದ್ದೀರಿ. ಹೆಣ್ಣು ನೊಣ ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಟ್ಟಿರುತ್ತದೆ. ಹಣ್ಣು ಕೆಳಗೆ ಬಿದ್ದ ಮೇಲೆ ಹುಳ ಹೊರಗೆ ಬಂದು ಮಣ್ಣಿನಲ್ಲಿ ಕೋಶವಾಗಿ, ಮತ್ತೆ ನೊಣವಾಗಿ ಎದ್ದು ಬರುತ್ತದೆ. ಹಾಗಲ, ಹೀರೆ, ಸೌತೆ, ಪಡವಲಕ್ಕೆ ಬರೋದು ಇದರ ಬಳಗದ ಇನ್ನೊಂದು ನೊಣ.

ಇದು ಸಣ್ಣ ವಿಷಯ ಅಲ್ಲ. 2014ರ ಮೇ 1ರಿಂದ ಯುರೋಪಿನ ದೇಶಗಳು ನಮ್ಮ ದೇಶದ ಮಾವು, ಹಾಗಲ, ಪಡವಲ ಮುಂತಾದವನ್ನು ತಗೊಳ್ಳೋದನ್ನೇ ನಿಲ್ಲಿಸಿದವು. ಕಾರಣ, ಪೆಟ್ಟಿಗೆಗಳಲ್ಲಿ ಹಣ್ಣು ನೊಣದಂಥ ಕೀಟಗಳು ಸಿಕ್ಕಿದ್ದು. ಮಾವಿನ ಮೇಲಿನ ತಡೆ ತೆಗೆದದ್ದು 2015ರಲ್ಲಿ. ಹೊರದೇಶಕ್ಕೆ ಹೋಗುವ ಹಣ್ಣಿಗೆ ಈಗ ಬಿಸಿನೀರಿನ ಉಪಚಾರ ಮಾಡುತ್ತಾರೆ. 48 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಒಳಗಿನ ಮೊಟ್ಟೆ, ಹುಳ ಸಾಯುತ್ತವೆ.

ನಮ್ಮ ಮಟ್ಟದಲ್ಲಿ ಮೂರು ಕೆಲಸ ಸಾಕು. ಬಿದ್ದ ಹಣ್ಣು, ಕೊಳೆತ ಕಾಯಿಯನ್ನು ಪ್ರತಿದಿನ ಆರಿಸಿ ಎರಡು ಮೂರು ಅಡಿ ಆಳಕ್ಕೆ ಹೂಳಿ. ಮರದ ಬುಡದ ಮಣ್ಣನ್ನು ಕೆದಕಿ, ಕೋಶಗಳು ಬಿಸಿಲಿಗೆ, ಕೋಳಿಗೆ ಸಿಗುತ್ತವೆ. ಕೊಯ್ಲಿಗೆ ಒಂದೂವರೆ ಎರಡು ತಿಂಗಳು ಮೊದಲೇ ಮೋಹಕ ಬಲೆ ಕಟ್ಟಿ. ಮಾವಿಗೆ ಮೀಥೈಲ್ ಯೂಜಿನಾಲ್, ಬಳ್ಳಿ ತರಕಾರಿಗೆ ಕ್ಯೂ ಲೂರ್. ಇದನ್ನು ಅದಲು ಬದಲು ಮಾಡಿದರೆ ನೊಣ ಬೀಳೋದಿಲ್ಲ, ಅಂಗಡಿಯಲ್ಲಿ ಕೇಳಿ ತಗೊಳ್ಳಿ. ಎಕರೆಗೆ ನಾಲ್ಕಾರು ಬಲೆ ಬೇಕು. ಈ ಬಲೆಗೆ ಬೀಳೋದು ಗಂಡು ನೊಣ ಮಾತ್ರ. ಆದ್ದರಿಂದ ಒಂದು ತೋಟಕ್ಕೆ ಕಟ್ಟಿದರೆ ಲಾಭ ಕಡಿಮೆ, ಸುತ್ತಲ ಎಲ್ಲ ತೋಟಕ್ಕೂ ಕಟ್ಟಿದರೆ ಲಾಭ ಹೆಚ್ಚು.

ಜೋಳ ಬಿತ್ತುವವರು ಸುಳಿ ನೊಣ ಮರೆಯಬೇಡಿ. ಪೈರು ಎಳೆಯದಿರುವಾಗಲೇ ಸುಳಿ ಒಣಗಿ ಎಳೆದರೆ ಕಿತ್ತು ಬರುತ್ತದೆ. ಮುಂಗಾರು ಮಳೆ ಬಿದ್ದ ಕೂಡಲೇ ಊರಿನವರೆಲ್ಲ ಒಟ್ಟಿಗೆ ಬಿತ್ತಿದರೆ ಕಾಟ ಕಡಿಮೆ.

ಒಂದು ಎಚ್ಚರ. ಎಲ್ಲ ನೊಣವೂ ವೈರಿ ಅಲ್ಲ. ಮಾವಿನ ಹೂವಿಗೆ ಪರಾಗ ಮುಟ್ಟಿಸಿ ಕಾಯಿ ಕಟ್ಟಿಸುವುದರಲ್ಲಿ ನೊಣಗಳ ಪಾಲು ದೊಡ್ಡದು. ಆದ್ದರಿಂದ ಹೂ ಬಿಟ್ಟಿರುವಾಗ ಕಂಡಾಬಟ್ಟೆ ಔಷಧಿ ಹೊಡೆಯಬೇಡಿ.

ಹಾರುವ ನೊಣ ಬಿಡಿ, ಹುಟ್ಟುವ ಜಾಗ ಹಿಡಿ

ಈಗ ಮುಖ್ಯ ಮಾತಿಗೆ ಬರೋಣ. ಹಾರುವ ನೊಣವನ್ನು ಹೊಡೆಯುತ್ತಾ ಕೂತರೆ ಜನ್ಮ ಪೂರ್ತಿ ಹೊಡೆಯುತ್ತಲೇ ಇರಬೇಕು. ಅದು ಹುಟ್ಟುವ ಜಾಗ ಕೆಡಿಸಿದರೆ ಕೆಲಸ ಸುಲಭ. ನೊಣದ ಮರಿಗೆ ಬೇಕಾದದ್ದು ಎರಡೇ: ಒದ್ದೆ ಮತ್ತು ಕೊಳೆ.

ಸಗಣಿಯನ್ನು ದಿನಕ್ಕೆ ಎರಡು ಸಲ ತೆಗೆಯಿರಿ. ಗಂಜಲ ನಿಲ್ಲದ ಹಾಗೆ ಕೊಟ್ಟಿಗೆ ನೆಲಕ್ಕೆ ಇಳಿಜಾರು, ಚಿಕ್ಕ ಚರಂಡಿ ಇರಲಿ. ಗೋದಲಿ ಕೆಳಗಿನ ಉಳಿದ ಮೇವನ್ನು ವಾರಕ್ಕೊಮ್ಮೆ ಅಲ್ಲ, ದಿನಾ ಗುಡಿಸಿ. ತಿಪ್ಪೆ ಕೊಟ್ಟಿಗೆಯಿಂದ, ಅಡಿಗೆಮನೆಯಿಂದ ದೂರ ಇರಲಿ. ತಿಪ್ಪೆಗೆ ಮಣ್ಣು ಮೆತ್ತಿ ಇಲ್ಲವೇ ಪ್ಲಾಸ್ಟಿಕ್ ಹೊದಿಸಿ ಮುಚ್ಚಿದರೆ ಒಳಗಿನ ಕಾವಿಗೆ ಮೊಟ್ಟೆ, ಮರಿ ಸಾಯುತ್ತವೆ, ಗೊಬ್ಬರವೂ ಚೆನ್ನಾಗಿ ಹದವಾಗುತ್ತದೆ. ಗೋಬರ್ ಗ್ಯಾಸ್ ಇದ್ದರೆ ಇನ್ನೂ ಒಳ್ಳೆಯದು, ಹಸಿ ಸಗಣಿ ಆ ದಿನವೇ ಒಳಗೆ ಹೋಗುತ್ತದೆ. ನಾಲ್ಕು ನಾಟಿಕೋಳಿ ಇದ್ದರೆ ಕೆದಕಿ ಮರಿಗಳನ್ನು ತಿಂದು ಅರ್ಧ ಕೆಲಸ ಅವೇ ಮಾಡುತ್ತವೆ.

ಬೇವಿನ ಸೊಪ್ಪಿನ ಹೊಗೆ ಸ್ವಲ್ಪ ಹೊತ್ತು ನೊಣ ಓಡಿಸುತ್ತದೆ. ಆದರೆ ಮುಚ್ಚಿದ ಕೊಟ್ಟಿಗೆಯಲ್ಲಿ ದಿನಾ ಹೊಗೆ ಹಾಕಿ ಅಲ್ಲೇ ಕೂತು ಹಾಲು ಕರೆದರೆ ಕೆಡೋದು ನಮ್ಮ ಕಣ್ಣು, ನಮ್ಮ ಶ್ವಾಸಕೋಶ. ಗಾಳಿ ಆಡುವ ಹಾಗೆ ಮಾಡಿ. ಜಪಾನಿನಲ್ಲಿ 2019ರಲ್ಲಿ ಒಂದು ಪರೀಕ್ಷೆ ಮಾಡಿದರು. ಕಪ್ಪು ಹಸುಗಳ ಮೈಗೆ ಜೀಬ್ರಾದ ಹಾಗೆ ಬಿಳಿ ಪಟ್ಟೆ ಬಳಿದರು. ಕಚ್ಚುವ ನೊಣ ಕೂರೋದು ಅರ್ಧದಷ್ಟು ಕಡಿಮೆಯಾಯಿತು. ನಾಳೆಯೇ ಸುಣ್ಣದ ಬಕೆಟ್ ಹಿಡಿದುಕೊಂಡು ಹೊರಡಿ ಅಂತ ನಾವು ಹೇಳುತ್ತಿಲ್ಲ, ಸುಣ್ಣ ಚರ್ಮ ಸುಡುತ್ತದೆ. ವಿಷ ಇಲ್ಲದೆಯೂ ದಾರಿ ಇದೆ ಅಂತ ತಿಳಿಯಲಿ ಅಷ್ಟೆ.

ವಿಷದ ಮಾತು ಬಂತು. ಇದನ್ನು ಗಟ್ಟಿಯಾಗಿ ಹೇಳುತ್ತೇವೆ. ಹತ್ತಿಗೋ, ತರಕಾರಿಗೋ ತಂದ ಕೀಟನಾಶಕ ಉಳಿದಿದೆ ಅಂತ ಅದನ್ನು ಹಸುವಿನ ಮೈಗೆ ಹಚ್ಚಬೇಡಿ. ಹಸು ನೆಕ್ಕಿಕೊಳ್ಳುತ್ತದೆ, ಚರ್ಮದಿಂದಲೂ ಒಳಗೆ ಇಳಿಯುತ್ತದೆ. ಹಸು ಸಾಯಬಹುದು, ಹಾಲಿಗೆ ವಿಷ ಸೇರಬಹುದು, ಹಚ್ಚಿದ ಕೈ ನಮ್ಮದೇ. ದನಕ್ಕೆಂದೇ ಇರುವ ಔಷಧಿಯನ್ನು ಪಶುವೈದ್ಯರು ಹೇಳಿದ ಅಳತೆಯಲ್ಲಿ ಮಾತ್ರ ಬಳಸಿ. ಎಷ್ಟು ದಿನ ಹಾಲು ಹಾಕಬಾರದು ಅಂತಲೂ ಕೇಳಿ ತಿಳಿದುಕೊಳ್ಳಿ. ರೇಷ್ಮೆ ಮನೆ ಪಕ್ಕದಲ್ಲಿ ಕೊಟ್ಟಿಗೆ ಇದ್ದರೆ ಇನ್ನೂ ಎಚ್ಚರ, ಕೊಟ್ಟಿಗೆಗೆ ಹೊಡೆದ ಔಷಧಿ ಗಾಳಿಗೆ ತೇಲಿ ಹುಳುವನ್ನೂ ಕೊಲ್ಲುತ್ತದೆ.

ಒಬ್ಬರಿಂದ ಆಗದು, ಸಂಘದಿಂದ ಆದೀತು

ನಾವು ನಮ್ಮ ಕೊಟ್ಟಿಗೆಯನ್ನು ಕನ್ನಡಿ ಹಾಗೆ ಇಟ್ಟು, ಪಕ್ಕದ ಮನೆ ತಿಪ್ಪೆ ತೆರೆದೇ ಇದ್ದರೆ ಏನು ಪ್ರಯೋಜನ? ಒಂದು ಮನೆಯ ಊಜಿ ಇಡೀ ಬೀದಿಯ ಬೆಳೆ ಕೆಡಿಸುತ್ತದೆ. ನೊಣಕ್ಕೆ ಜಾತಿ ಇಲ್ಲ, ಬೇಲಿ ಇಲ್ಲ, ಸರ್ವೆ ನಂಬರ್ ಇಲ್ಲ. ಆದ್ದರಿಂದ ಈ ಕೆಲಸಕ್ಕೆ ಸಂಘಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ವಾರಕ್ಕೊಮ್ಮೆ ಸೇರುತ್ತೇವೆ, ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತು.

ಇನ್ನೂ ಒಂದು ಮಾತು. ಸಗಣಿ ಬಾಚೋದು, ಕೊಟ್ಟಿಗೆ ತೊಳೆಯೋದು ಎಲ್ಲ ಹೆಣ್ಣಿನ ತಲೆಗೇ ಕಟ್ಟಬೇಡಿ. ಹಾಲಿನ ದುಡ್ಡು ಮನೆಗೆಲ್ಲ ಬರುತ್ತದೆ ಅಂದ ಮೇಲೆ ತಿಪ್ಪೆ ಮುಚ್ಚುವ ಕೆಲಸಕ್ಕೆ ಗಂಡಸರೂ, ದೊಡ್ಡ ಮಕ್ಕಳೂ ಕೈ ಹಾಕಲಿ. ಮನೆಗೆ ಹೋಗಿ ಇದನ್ನು ಧೈರ್ಯವಾಗಿ ಹೇಳಿ.

ಮುಂದಿನ ಸಭೆಯಲ್ಲಿ ಇವನ್ನು ಚರ್ಚೆ ಮಾಡಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ:

* ನಮ್ಮ ಬೀದಿಯಲ್ಲಿ ತೆರೆದ ತಿಪ್ಪೆ ಎಷ್ಟಿವೆ? ಯಾವ ದಿನ ಎಲ್ಲರೂ ಸೇರಿ ಮುಚ್ಚೋಣ?

* ಸದಸ್ಯರ ಎಲ್ಲ ದನಗಳಿಗೂ ಚರ್ಮಗಂಟು ಲಸಿಕೆ ಆಗಿದೆಯೇ? ಆಗದವರ ಹೆಸರು ಬರೆದು ಪಶು ಆಸ್ಪತ್ರೆಗೆ ಕೊಡೋರು ಯಾರು?

* ಸಾಲದಲ್ಲಿ ತಂದ ಹಸುಗಳಿಗೆ ವಿಮೆ ಇದೆಯೇ?

* ಬಲೆ, ಮೋಹಕ, ನೈಲಾನ್ ಪರದೆ ಇವನ್ನು ಸಂಘದಿಂದ ಒಟ್ಟಿಗೆ ತಂದರೆ ಎಷ್ಟು ಉಳಿತಾಯ?

ಹನಿ ಹನಿ ಕೂಡಿದರೆ ಹಳ್ಳ ಅಂತ ಉಳಿತಾಯದ ಪಾಠ ಕಲಿತವರು ನಾವು. ಒಂದೊಂದು ಮನೆಯ ಶುಚಿ ಕೂಡಿದರೆ ಊರಿನ ದನವೂ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ.